ತನ್ನಷ್ಟಕ್ಕೆ ತಾನೇ ರೀಸ್ಟಾರ್ಟ್ ಆಗುವ ಕಂಪ್ಯೂಟರು

ಮೊನ್ನೆ ಭಾನುವಾರ ಬೆಳಿಗ್ಗೆ ಬೆಂಗಳೂರಿನಿಂದ ಮಗ ಫೋನ್ ಮಾಡಿದ್ದ. ಅದೂ ಇದೂ ಮಾತಾಡಿ, ಕೊನೆಗೆ "ಅಪ್ಪಾ, ನಾ ಹೊಸದಾಗಿ ಜೋಡಿಸಿದ ಕಂಪ್ಯೂಟರ್ ಸುಮ್ಮ ಸುಮ್ಮನ ರೀಸ್ಟಾರ್ಟ್ ಆಗಾಕತ್ತದ" ಅಂದ. ಇವೆಂಟ್ ವ್ಯೂವರ್ ತೆಗೆದು ನೋಡಿದರೆ 'ಕರ್ನಲ್-ಪವರ್ 41' ಅಂತ ತೋರಿಸ್ತದಂತೆ. ಅದನ್ನು ನೋಡಿ ಏನೂ ಉಪಯೋಗವಿಲ್ಲ ಬಿಡಿ. 'ನಾನು ಸರಿಯಾಗಿ ಮುಚ್ಚದೇ ಎದ್ದೆ' ಅಂತ ವಿಂಡೋಸ್ ಹೇಳುವ ಮಾತಷ್ಟೇ ಅದು. ಯಾಕೆ ಎದ್ದೆ ಅಂತ ಅದಕ್ಕೂ ಗೊತ್ತಿರುವುದಿಲ್ಲ.

"ಯಾವಾಗ ಯಾವಾಗ ಆತು ಅಂತ ಟೈಮ್ ಬರದಿಟ್ಟೀಯೇನು?" ಅಂತ ಕೇಳಿದೆ. ಆ ಕಡೆ ಒಂದು ಗಳಿಗೆ ಮೌನ. ಆಮೇಲೆ ನಕ್ಕ. ನಾನೂ ನಕ್ಕೆ. ಆದರೆ ಫೋನ್ ಇಟ್ಟ ಮೇಲೆ ಇಡೀ ದಿನ ಮನಸ್ಸು ಒಂಥರಾ ಆಗಿತ್ತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಇದು 2006ರ ಕಥೆ.

ಆಗ ನಾವು ಇದ್ದದ್ದು ಡೊಂಬಿವಲಿ ಪೂರ್ವದಲ್ಲಿ, ಈಗಲೂ ಅದೇ ಮನೆ. ನಾನು 1984ರಲ್ಲಿ ಹುಬ್ಬಳ್ಳಿಯಲ್ಲಿ ಡಿಪ್ಲೊಮಾ ಮುಗಿಸಿ ಇಲ್ಲಿಗೆ ಬಂದವನು. ಠಾಣೆ-ಬೇಲಾಪುರ ರಸ್ತೆಯ ಒಂದು ಕಾರ್ಖಾನೆಯಲ್ಲಿ ಇನ್‌ಸ್ಟ್ರುಮೆಂಟ್ ವಿಭಾಗದಲ್ಲಿ ಕೆಲಸ. ಮೊದಲೆಲ್ಲ ಠಾಣೆಗೆ ಇಳಿದು ಬಸ್ಸಿಗೆ ನೇತಾಡಬೇಕಿತ್ತು. 2004ರಲ್ಲಿ ಠಾಣೆಯಿಂದ ನವಿ ಮುಂಬಯಿ ಕಡೆಗೆ ಲೋಕಲ್ ಶುರುವಾದ ಮೇಲೆ ಸ್ವಲ್ಪ ಉಸಿರಾಡುವಂತಾಯಿತು. ಪ್ರೆಶರ್ ಗೇಜು, ಥರ್ಮೋಕಪಲ್, ಕಂಟ್ರೋಲ್ ವಾಲ್ವು... ಇವುಗಳಲ್ಲಿ ತಪ್ಪು ಎಲ್ಲಿದೆ ಅಂತ ಹುಡುಕುವುದೇ ನನ್ನ ಹೊಟ್ಟೆಪಾಡು. ಹೊಸ ಹುಡುಗರು ಕೆಲಸಕ್ಕೆ ಸೇರಿದರೆ ನಾನು ಹೇಳುತ್ತಿದ್ದ ಮೊದಲ ಮಾತು, "ಮೀಟರ್ ತಪ್ಪು ತೋರಿಸಿದರೆ ಆಪರೇಟರನ್ನು ಬೈಯಬೇಡ. ಮೊದಲು ರೀಡಿಂಗ್ ಬರೆದುಕೋ." ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

2004ರ ದೀಪಾವಳಿ ಬೋನಸ್ಸಿನಲ್ಲಿ ಕಂಪ್ಯೂಟರ್ ತಗೊಂಡೆವು. ಬ್ರ್ಯಾಂಡೆಡ್ ಅಲ್ಲ, ಅಷ್ಟು ದುಡ್ಡೆಲ್ಲಿತ್ತು? ಎಲ್ಲರಂತೆ ನಾನೂ ದಾದರಿನಲ್ಲಿ ಗಾಡಿ ಬದಲಿಸಿ ಗ್ರ್ಯಾಂಟ್ ರೋಡಿಗೆ ಹೋಗಿ, ಲ್ಯಾಮಿಂಗ್ಟನ್ ರೋಡಿನ ಅಂಗಡಿ ಅಂಗಡಿ ಅಲೆದು, ಬಿಡಿ ಭಾಗ ತಂದೆ. ಪೆಂಟಿಯಮ್ 4 ಪ್ರೊಸೆಸರ್, 256 ಎಂಬಿಯ ಎರಡು ರ‍್ಯಾಮ್, 80 ಜಿಬಿ ಹಾರ್ಡ್ ಡಿಸ್ಕ್, ಹೊಟ್ಟೆ ಮುಂದೆ ಬಂದ 17 ಇಂಚಿನ ಮಾನಿಟರ್. ಎಲ್ಲದಕ್ಕೂ ಹತ್ತು ಕಡೆ ರೇಟು ಕೇಳಿದ್ದೆ. ಕೇಳದೇ ತಂದದ್ದು ಒಂದೇ, ಕ್ಯಾಬಿನೆಟ್ಟು. ಸಾವಿರದ ನಾನೂರಕ್ಕೆ ಕ್ಯಾಬಿನೆಟ್, ಅದರೊಳಗೆ ಎಸ್‌ಎಂಪಿಎಸ್ 'ಫ್ರೀ'. ಮೇಲೆ ದೊಡ್ಡದಾಗಿ 450 ವ್ಯಾಟ್ ಅಂತ ಚೀಟಿ. ಕೈಯಲ್ಲಿ ಹಿಡಿದರೆ ಖಾಲಿ ಬಿಸ್ಕಿಟ್ ಡಬ್ಬಿಯಷ್ಟು ಹಗುರ. ಆಗ ಅದು ಖುಷಿಯೇ ಆಗಿತ್ತು ನೋಡಿ, ಲೋಕಲ್‌ನಲ್ಲಿ ಹೊತ್ತು ತರಲು ಸುಲಭ ಅಂತ! ಒಂಬತ್ತನೇ ಕ್ಲಾಸಿನ ಮಗ, ನಾನು, ಇಬ್ಬರೂ ಕೂತು ರಾತ್ರಿ ಒಂದು ಗಂಟೆತನಕ ಜೋಡಿಸಿದೆವು. 'ಬೀಪ್' ಅಂತ ಒಂದು ಸದ್ದು ಬಂದಾಗ ಅವನ ಮುಖ ನೋಡಬೇಕಿತ್ತು ನೀವು.

2006ರ ಜೂನ್‌ನಲ್ಲಿ ಧಾರವಾಡದಿಂದ ಅಪ್ಪನನ್ನು ಕರೆದುಕೊಂಡು ಬಂದೆವು. ಅಮ್ಮ ಹೋಗಿ ಆರು ತಿಂಗಳಾಗಿತ್ತು. ಅಪ್ಪ ಕನ್ನಡ ಶಾಲೆಯ ಮಾಸ್ತರರು. ಮುಲ್ಕಿ ಪಾಸಾಗಿ 1953ರಲ್ಲಿ ನೌಕರಿಗೆ ಸೇರಿದವರು. ಆಗಿನ್ನೂ ಧಾರವಾಡ ಮುಂಬಯಿ ರಾಜ್ಯದಲ್ಲಿತ್ತು, ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ ಒಂದಕ್ಕೆ. ಹಾಗಾಗಿ ಇಲ್ಲಿಗೆ ಬಂದವರೇ, "ನೀ ಏನ್ ದೊಡ್ಡ ಮುಂಬೈಯವಾ? ನಿನಗಿಂತ ಮೊದಲು ಮುಂಬೈ ಸರಕಾರದ ಪಗಾರ ತಗೊಂಡಾಂವ ನಾನು" ಅಂತ ತಮಾಷೆ ಮಾಡುತ್ತಿದ್ದರು.

ಇಲ್ಲಿ ಅವರಿಗೆ ಹೊತ್ತು ಹೋಗುತ್ತಿರಲಿಲ್ಲ. ಮೂರನೇ ಮಹಡಿ, ಲಿಫ್ಟ್ ಇಲ್ಲ, ಕೆಳಗೆ ಇಳಿದರೆ ಮರಾಠಿ. ಅದಕ್ಕೆ ನಾನೇ ಒಂದು ಉಪಾಯ ಮಾಡಿದೆ. "ನೀವು ನಿಮ್ಮ ಮಾಸ್ತರಿಕೆ ದಿನದ ಕಥಿ ಹೇಳ್ರಿ, ನಾ ಬರಹದಾಗ ಟೈಪ್ ಮಾಡ್ತೀನಿ" ಅಂದೆ. ಬರಹ ತಂತ್ರಾಂಶ ನೆನಪಿದೆಯಲ್ಲ? ಶೇಷಾದ್ರಿವಾಸು ಅವರು 1998ರಲ್ಲಿ ಕೊಟ್ಟ ಪುಣ್ಯದ ಕೆಲಸ. ಊರು ಬಿಟ್ಟ ನಮ್ಮಂಥವರೆಲ್ಲ ಮತ್ತೆ ಕನ್ನಡ ಬರೆಯಲು ಶುರುಮಾಡಿದ್ದೇ ಅದರಿಂದ. ದಿನಾ ಸಂಜೆ ಏಳೂವರೆಗೆ ನಾನು ಕೆಲಸದಿಂದ ಬಂದು ಚಹಾ ಕುಡಿದು ಕೂತರೆ, ಅಪ್ಪ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು ಹೇಳುವುದು, ನಾನು ಎರಡು ಬೆರಳಿನಲ್ಲಿ ಕುಟ್ಟುವುದು.

ಆಗಸ್ಟ್‌ನಲ್ಲಿ ಕಾಟ ಶುರುವಾಯಿತು. ಟೈಪ್ ಮಾಡುತ್ತಾ ಇದ್ದಂತೆಯೇ ಪರದೆ ಕಪ್ಪಗಾಗಿ, 'ಬೀಪ್' ಅಂದು, ಮೊದಲಿನಿಂದ ಶುರು! ಎಚ್ಚರಿಕೆ ಇಲ್ಲ, ಸಂದೇಶ ಇಲ್ಲ. ಕೆಲವು ದಿನ ಎರಡು ಸಲ, ಕೆಲವು ಸಲ ಮೂರು ದಿನ ಏನೂ ಇಲ್ಲ. 'ಆಗಾಗ ಸೇವ್ ಮಾಡಬಾರದಿತ್ತೇ?' ಅಂತ ನೀವು ಕೇಳಬಹುದು. ಎರಡು ಬೆರಳಿನವನು ಮಾಸ್ತರರ ಮಾತಿನ ಹಿಂದೆ ಓಡುವಾಗ ಕಂಟ್ರೋಲ್-ಎಸ್ ಎಲ್ಲಿ ನೆನಪಾಗುತ್ತದೆ ಹೇಳಿ!

ಮೊದಲು ಅನುಮಾನ ಬಂದದ್ದು ವೈರಸ್ ಮೇಲೆ. 2003ರ ಆಗಸ್ಟ್‌ನಲ್ಲಿ ಬ್ಲಾಸ್ಟರ್ ಅಂತ ಒಂದು ಹುಳ ಬಂದಿತ್ತು, ಮರುವರ್ಷ ಸ್ಯಾಸರ್. ಎರಡೂ ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿಸುತ್ತಿದ್ದವು. ಆದರೆ ಅವು ಬಂದರೆ ಪರದೆಯ ಮೇಲೆ ಒಂದು ಡಬ್ಬಿ ತೆರೆದು, 60 ಸೆಕೆಂಡಿನಿಂದ ಹಿಂದಕ್ಕೆ ಎಣಿಸುತ್ತಿತ್ತು. ನಮ್ಮಲ್ಲಿ ಅಂಥದ್ದೇನೂ ಇರಲಿಲ್ಲ. ಅಲ್ಲಿಗೇ ನಾನು ಯೋಚಿಸಬೇಕಿತ್ತು. ಯೋಚಿಸಲಿಲ್ಲ. ಯಾಕೆಂದರೆ ಅಷ್ಟು ಹೊತ್ತಿಗೆ ನನಗೆ ಅಪರಾಧಿ ಸಿಕ್ಕಿಬಿಟ್ಟಿದ್ದ.

ಮಗ ಆಗ ಹನ್ನೊಂದನೇ ಕ್ಲಾಸು. ಮಧ್ಯಾಹ್ನ ಕಾಲೇಜಿನಿಂದ ಬಂದು ಕಾರ್ ರೇಸಿನ ಆಟ ಆಡುತ್ತಿದ್ದ. ಗೆಳೆಯರ ಹತ್ತಿರ ತಂದ ಸೀಡಿಗಳು. "ಆಟ ಆಡೂ ಮುಂದನೂ ಎರಡು ಸಲ ರೀಸ್ಟಾರ್ಟ್ ಆತಪ್ಪಾ" ಅಂತ ಅವನೇ ಬಂದು ಹೇಳಿದ್ದ. ಅದನ್ನೇ ಹಿಡಿದುಕೊಂಡೆ. ಕದ್ದ ಸೀಡಿ, ವೈರಸ್ಸು, ಓದು ಬಿಟ್ಟು ಆಟ... ಗಣೇಶ ಚತುರ್ಥಿಗೆ ಎರಡು ದಿನ ಮುಂಚೆ, ಮನೆಗೆ ನೆಂಟರು ಬಂದಿದ್ದಾಗ, ಎಲ್ಲರೆದುರಿಗೆ ಬೈದೆ. "ಅಜ್ಜ ಕೂತು ಹೇಳಿದ್ದನ್ನೆಲ್ಲಾ ಹಾಳ ಮಾಡಾಕತ್ತೀ. ಇನ್ನ ಮುಂದ ಅದನ್ನ ಮುಟ್ಟಬ್ಯಾಡ" ಅಂದೆ. ಸೀಡಿಗಳನ್ನೆಲ್ಲ ಕಿತ್ತು ಕಪಾಟಿಗೆ ಹಾಕಿ ಬೀಗ ಹಾಕಿದೆ. "ನಾ ಏನೂ ಮಾಡಿಲ್ಲಪ್ಪಾ" ಅಂದ. ಒಂದೇ ಸಲ ಅಂದ. ಮತ್ತೆ ಹೇಳಲಿಲ್ಲ. ಹೆಂಡತಿ ಅಡುಗೆಮನೆಯಿಂದಲೇ "ಬಂದವರ ಮುಂದ ಹುಡುಗನ ಮ್ಯಾಲೆ ಯಾಕ ಹಾರ್ಯಾಡ್ತೀರಿ" ಅಂದಳು.

ಹಾರ್ಡ್ ಡಿಸ್ಕ್ ಫಾರ್ಮ್ಯಾಟ್ ಮಾಡಿ ಎಕ್ಸ್‌ಪಿ ಹೊಸದಾಗಿ ಹಾಕಿದೆ. ಮಾರನೇ ದಿನ ಸಂಜೆ ಏಳೂಮುಕ್ಕಾಲಿಗೆ ಮತ್ತೆ 'ಬೀಪ್'.

ಆಮೇಲೆ ಎಕ್ಸ್‌ಪಿಯ ಒಂದು ಸೆಟ್ಟಿಂಗ್ ಗೊತ್ತಾಯಿತು. ಒಳಗೆ ದೊಡ್ಡ ಎಡವಟ್ಟಾದಾಗ ವಿಂಡೋಸ್ ನೀಲಿ ಪರದೆ ತೋರಿಸಬೇಕು. ಆದರೆ ಎಕ್ಸ್‌ಪಿಯಲ್ಲಿ ಅದನ್ನು ಓದುವ ಮೊದಲೇ ತಾನಾಗಿ ರೀಸ್ಟಾರ್ಟ್ ಆಗುವಂತೆ ಇಟ್ಟಿರುತ್ತಾರೆ. ಸಿಸ್ಟಮ್ ಪ್ರಾಪರ್ಟೀಸ್ ಒಳಗೆ ಹೋಗಿ ಆ ಟಿಕ್ ತೆಗೆದರೆ ನೀಲಿ ಪರದೆ ನಿಂತಿರುತ್ತದೆ, ಕಾರಣ ಓದಬಹುದು. ತೆಗೆದೆ. ನೀಲಿ ಪರದೆ ಬರಲೇ ಇಲ್ಲ, ರೀಸ್ಟಾರ್ಟ್ ಮಾತ್ರ ಬಂತು. ಅಂದರೆ ವಿಂಡೋಸ್‌ಗೆ ಗೊತ್ತಾಗುವ ಮೊದಲೇ ಕಾಲ ಕೆಳಗಿನ ನೆಲ ಹೋಗುತ್ತಿದೆ ಅಂತ ಅರ್ಥ. ತಪ್ಪು ಇರುವುದು ಕಬ್ಬಿಣದಲ್ಲಿ, ಸೀಡಿಯಲ್ಲಿ ಅಲ್ಲ. ಇದು ಗೊತ್ತಾದ ಮೇಲೂ ನಾನು ಮಗನಿಗೆ ಏನೂ ಹೇಳಲಿಲ್ಲ. ಕಪಾಟಿನ ಬೀಗವನ್ನೂ ತೆಗೆಯಲಿಲ್ಲ.

ರ‍್ಯಾಮ್ ತೆಗೆದು ಅದರ ಬಂಗಾರದ ಹಲ್ಲುಗಳನ್ನು ರಬ್ಬರಿನಿಂದ ಉಜ್ಜಿ ಹಾಕಿದೆ. ಮೆಮ್‌ಟೆಸ್ಟ್ ಪ್ರೋಗ್ರಾಮನ್ನು ರಾತ್ರಿಯೆಲ್ಲ ಓಡಿಸಿದೆ. ಏಳು ಗಂಟೆ ಒಂದೇ ಸಮನೆ ಓಡಿತು, ಒಂದೂ ತಪ್ಪಿಲ್ಲ, ಒಂದು ಸಲವೂ ರೀಸ್ಟಾರ್ಟ್ ಆಗಲಿಲ್ಲ. ಹೀಟ್ ಸಿಂಕಿನಲ್ಲಿ ಹತ್ತಿ ತುಂಬಿದಂತೆ ಧೂಳಿತ್ತು, ಊದಿ ತೆಗೆದು ಹೊಸ ಪೇಸ್ಟ್ ಹಚ್ಚಿದೆ. ಎರಡು ದಿನ ಸುಮ್ಮನಿದ್ದು ಮೂರನೇ ದಿನ ಮತ್ತೆ ಅದೇ ರಾಗ.

ಆ ಮೂರನೇ ದಿನದ್ದನ್ನು ಹೇಳಬೇಕು. ಅಪ್ಪ ತಮ್ಮ ಮೊದಲ ನೌಕರಿಯ ಕಥೆ ಹೇಳುತ್ತಿದ್ದರು. ಕಲಘಟಗಿ ತಾಲೂಕಿನ ಒಂದು ಸಣ್ಣ ಊರು, ಶ್ರಾವಣದ ಮಳೆ, ಹಳ್ಳ ತುಂಬಿ ಹರಿಯುತ್ತಿದೆ. ಇಪ್ಪತ್ತು ವರ್ಷದ ಮಾಸ್ತರ ತಗಡಿನ ಟ್ರಂಕು ಹಿಡಿದು ಈಚೆ ದಂಡೆಯಲ್ಲಿ ನಿಂತಿದ್ದಾರೆ. ಆಚೆಯಿಂದ ಕಂಬಳಿ ಕೊಪ್ಪೆ ಹಾಕಿದ ಹತ್ತು-ಹನ್ನೊಂದು ವರ್ಷದ ಹುಡುಗ ನೀರಿಗಿಳಿದು ಬಂದು, ಟ್ರಂಕು ತನ್ನ ತಲೆ ಮೇಲಿಟ್ಟುಕೊಂಡು, ಮಾಸ್ತರರ ಕೈ ಹಿಡಿದು ದಾಟಿಸಿದ. ಶಾಲೆಯ ಹಾಜರಿ ಪುಸ್ತಕದಲ್ಲಿ ಅಪ್ಪ ಬರೆದ ಮೊದಲ ಹೆಸರು ಅವನದೇ. ಮರುವರ್ಷ ಅವನನ್ನು ದನ ಕಾಯಲು ಹಾಕಿದರು, ಶಾಲೆ ಬಿಟ್ಟ. "ಅವನ ಹೆಸರು ಇದರಾಗ ಬರಬೇಕು ನೋಡು, ಅದಕ್ಕ ಹೇಳಾಕತ್ತೀನಿ" ಅಂದು ಅಪ್ಪ ಹೆಸರು ಹೇಳಿದರು. ನಾನು ಟೈಪ್ ಮಾಡಿದೆ. ಅರ್ಧ ನಿಮಿಷವೂ ಆಗಿರಲಿಕ್ಕಿಲ್ಲ, 'ಬೀಪ್'.

"ಮತ್ತ ಹೋತೇನು?" ಅಂದರು. ಆ ದಿನ ಅವರಿಗೂ ದಣಿವಾಗಿತ್ತು, "ನಾಳೆ ಹೇಳ್ತೀನಿ ತಗೊ" ಅಂದು ಎದ್ದರು. ಮಾರನೇ ದಿನ ಕೂತಾಗ ಹಳ್ಳ ಬಂತು, ಟ್ರಂಕು ಬಂತು, ಕಂಬಳಿ ಬಂತು. ಹೆಸರು ಬರಲಿಲ್ಲ. "ನಿನ್ನೆ ಹೇಳಿದ್ನಲ್ಲೋ? ನೀನ ಬರದೀಯಲ್ಲಾ?" ಅಂತ ನನ್ನ ಮುಖ ನೋಡಿದರು. ನನಗೂ ನೆನಪಿಲ್ಲ! ಬೆರಳು ಬರೆದಿತ್ತು, ತಲೆ ಇಟ್ಟುಕೊಂಡಿರಲಿಲ್ಲ. ಮೂರು ಅಕ್ಷರದ ಹೆಸರು ಅಂತಷ್ಟೇ ನೆನಪು. ಅಪ್ಪ ಬಹಳ ಹೊತ್ತು ಕಿಟಕಿ ಕಡೆ ನೋಡುತ್ತ ಕೂತಿದ್ದರು. ಐವತ್ತಮೂರು ವರ್ಷ ನೆನಪಿದ್ದದ್ದು ಒಂದು ರಾತ್ರಿಯಲ್ಲಿ ಹೋಗಿತ್ತು. ವಯಸ್ಸಿನದು ಅಂತ ಗೊತ್ತು, ಆದರೂ ಆ ರಾತ್ರಿ ನಾನು ಮತ್ತೆ ಸಿಟ್ಟು ತೀರಿಸಿಕೊಂಡದ್ದು ಯಾರ ಮೇಲೆ ಅಂತ ಹೇಳಬೇಕಿಲ್ಲ.

ದಸರೆಯ ಹಿಂದಿನ ದಿನ, ಆಯುಧಪೂಜೆಗೆ ಅಂತ ಕಂಪ್ಯೂಟರ್ ಟೇಬಲ್ ಒರೆಸುತ್ತಿದ್ದೆ. ಅಲ್ಲಿ ಮಗನ ಗಣಿತದ ನೋಟ್‌ಬುಕ್ ಇತ್ತು. ಎತ್ತಿಡಲು ಹೋದಾಗ ಕೊನೆಯ ಪುಟ ತೆರೆದುಕೊಂಡಿತು. ಗೆರೆ ಹಾಕಿ ನಾಲ್ಕು ಕಾಲಂ ಮಾಡಿದ್ದ. ತಾರೀಕು, ಹೊತ್ತು, ಯಾರು ಕೂತಿದ್ದರು, ಮತ್ತೇನು ನಡೆಯುತ್ತಿತ್ತು. ಹದಿನೇಳು ಸಾಲು. ನಾನು ಬೈದ ದಿನದಿಂದ ಶುರು. 'ಯಾರು ಕೂತಿದ್ದರು' ಅನ್ನುವ ಕಾಲಂನಲ್ಲಿ ಹದಿನೇಳು ಸಲವೂ 'ಅಪ್ಪ' ಅಂತಲೇ ಇತ್ತು. ನಾಲ್ಕನೆಯದರಲ್ಲಿ ಮೊದಲ ಐದಾರು ಖಾಲಿ. ಆಮೇಲೆ, 'ಅಜ್ಜ ನೀರು ಬಂತು ಅಂದ.' 'ಅಜ್ಜ ನೀರು ಬಂತು ಅಂದ.' 'ಪಂಪ್.' 'ಪಂಪ್.' 'ಪಂಪ್.'

ಇದರ ಅರ್ಥ ಹೇಳುತ್ತೇನೆ. ಧಾರವಾಡದಲ್ಲಿ ಆಗೆಲ್ಲ ನಲ್ಲಿಗೆ ವಾರಕ್ಕೊಮ್ಮೆ, ಎಂಟು ದಿನಕ್ಕೊಮ್ಮೆ ನೀರು. ಅಲ್ಲಿ ಬಾಳಿದವರ ಕಿವಿ ಯಾವಾಗಲೂ ನೀರಿನ ಸಪ್ಪಳದ ಮೇಲೆಯೇ ಇರುತ್ತದೆ. ನಮ್ಮ ಸೊಸೈಟಿಯಲ್ಲಿ ಸಂಜೆ ಮುನಿಸಿಪಾಲಿಟಿ ನೀರು ಬಂದಾಗ ವಾಚ್‌ಮನ್ ಕೆಳಗಿನ ಟಾಕಿಯಿಂದ ಮೇಲಿನ ಟಾಕಿಗೆ ಪಂಪ್ ಹಾಕುತ್ತಿದ್ದ. ಆ ಮೋಟಾರು 'ಗುಂಯ್' ಅಂದ ಕೂಡಲೇ ಅಪ್ಪ ಮಾತು ನಿಲ್ಲಿಸಿ "ನೀರು ಬಂತು" ಅನ್ನುತ್ತಿದ್ದರು. ನಾನು ದಿನಾ ಕೇಳುತ್ತಿದ್ದೆ, ಆದರೆ ಕಿವಿಗೆ ಹಾಕಿಕೊಂಡಿರಲಿಲ್ಲ. ಅದೇ ಕೋಣೆಯ ಮೂಲೆಯಲ್ಲಿ ಓದುತ್ತ ಕೂತಿದ್ದ ಹುಡುಗ ಬರೆದುಕೊಂಡಿದ್ದ.

ಪುಸ್ತಕ ಕೈಯಲ್ಲೇ ಹಿಡಿದು ಕೆಳಗೆ ಓಡಿದೆ. ವಾಚ್‌ಮನ್‌ಗೆ ಹೇಳಿ ಐದು ಸಲ ಪಂಪ್ ಹಾಕಿಸಿ, ತೆಗೆಸಿದೆ. ಹೆಂಡತಿ ಮೇಲೆ ಕಿಟಕಿಯಲ್ಲಿ ನಿಂತು ಹೇಳುತ್ತಿದ್ದಳು. ಐದರಲ್ಲಿ ಮೂರು ಸಲ ರೀಸ್ಟಾರ್ಟ್!

ಆಗಿದ್ದು ಇಷ್ಟು. ದೊಡ್ಡ ಮೋಟಾರು ಶುರುವಾಗುವ ಕ್ಷಣದಲ್ಲಿ ಮಾಮೂಲಿಗಿಂತ ಎಷ್ಟೋ ಪಟ್ಟು ಕರೆಂಟ್ ಎಳೆಯುತ್ತದೆ. ಕಟ್ಟಡದ ವೋಲ್ಟೇಜು ಕಣ್ಣು ಮಿಟುಕಿಸುವಷ್ಟು ಹೊತ್ತು ಕುಸಿಯುತ್ತದೆ. ಒಳ್ಳೆಯ ಎಸ್‌ಎಂಪಿಎಸ್ ತನ್ನ ಕೆಪಾಸಿಟರುಗಳಲ್ಲಿ ತುಂಬಿಟ್ಟ ವಿದ್ಯುತ್ತಿನಿಂದ 16-17 ಮಿಲಿಸೆಕೆಂಡಾದರೂ ತಡೆದುಕೊಳ್ಳಬೇಕು. ಎಸ್‌ಎಂಪಿಎಸ್‌ನಿಂದ ಮದರ್‌ಬೋರ್ಡಿಗೆ ಬೂದು ಬಣ್ಣದ ಒಂದು ತಂತಿ ಹೋಗುತ್ತದೆ, 'ಪವರ್ ಗುಡ್' ಅಂತ ಅದರ ಹೆಸರು. ಎಲ್ಲ ಸರಿ ಇದ್ದಷ್ಟು ಹೊತ್ತು ಅದರಲ್ಲಿ ಐದು ವೋಲ್ಟ್ ಇರುತ್ತದೆ. ಅದು ಒಂದು ಗಳಿಗೆ ಬಿದ್ದರೂ ಮದರ್‌ಬೋರ್ಡು ಪ್ರೊಸೆಸರನ್ನು ನಿಲ್ಲಿಸಿ ಮೊದಲಿನಿಂದ ಶುರುಮಾಡುತ್ತದೆ. ವಿಂಡೋಸ್‌ಗೆ ಕೇಳುವುದೂ ಇಲ್ಲ, ಹೇಳುವುದೂ ಇಲ್ಲ. ಒಂದು ಯುಪಿಎಸ್ ಇತ್ತಲ್ಲ ಅಂದಿರಾ? ಆ ವರ್ಷಗಳಲ್ಲಿ ಮುಂಬಯಿ ನಗರಕ್ಕೆ ಲೋಡ್ ಶೆಡ್ಡಿಂಗ್ ಇರಲಿಲ್ಲ, ನಮ್ಮ ಕಲ್ಯಾಣ-ಡೊಂಬಿವಲಿಗೆ ದಿನಾ ಗಂಟೆಗಟ್ಟಲೆ ಇತ್ತು. ಅದರ ಹೊಡೆತಕ್ಕೆ ಯುಪಿಎಸ್ ಬ್ಯಾಟರಿ ಒಂದೂವರೆ ವರ್ಷದಲ್ಲೇ ಸತ್ತು ಅಟ್ಟ ಸೇರಿತ್ತು.

ಮಲ್ಟಿಮೀಟರ್ ಹಿಡಿದು ಹಳದಿ ತಂತಿ ನೋಡಿದೆ. ಅದರಲ್ಲಿ 12 ವೋಲ್ಟ್ ಇರಬೇಕು, ಶೇಕಡಾ ಐದು ಆಚೀಚೆ ನಡೆಯುತ್ತದೆ, ಅಂದರೆ 11.4ಕ್ಕಿಂತ ಇಳಿಯಬಾರದು. ಸುಮ್ಮನಿದ್ದಾಗ 11.6 ಇತ್ತು. ಮಗನನ್ನು ಕರೆದು ಕಾರ್ ರೇಸ್ ಹಾಕಲು ಹೇಳಿದೆ. ಐದು ವಾರದ ಮೇಲೆ ಅವನು ಕೀಬೋರ್ಡ್ ಮುಟ್ಟಿದ್ದು ಅದೇ ಮೊದಲು. 11.2ಕ್ಕೆ ಬಂತು. ಮಧ್ಯಾಹ್ನ ಆಟ ಆಡುವಾಗ ಯಾಕೆ ಆಗುತ್ತಿತ್ತು, ರಾತ್ರಿ ಮೆಮ್‌ಟೆಸ್ಟ್ ಯಾಕೆ ಸುಸೂತ್ರ ನಡೆಯಿತು, ಎಲ್ಲಕ್ಕೂ ಉತ್ತರ ಸಿಕ್ಕಿತು. ಆಟ ಆಡಿದರೆ ಲೋಡ್ ಜಾಸ್ತಿ. ರಾತ್ರಿ ಪಂಪ್ ಇಲ್ಲ.

ಎಸ್‌ಎಂಪಿಎಸ್ ಬಿಚ್ಚಿ ನೋಡಿದೆ. (ನೀವು ದಯವಿಟ್ಟು ಬಿಚ್ಚಬೇಡಿ! ಪ್ಲಗ್ ತೆಗೆದ ಮೇಲೂ ಅದರ ದೊಡ್ಡ ಕೆಪಾಸಿಟರುಗಳಲ್ಲಿ ಮುನ್ನೂರು ವೋಲ್ಟಿಗೂ ಮೇಲೆ ಕೂತಿರುತ್ತದೆ. ನನಗೆ ಅದನ್ನು ಇಳಿಸುವ ಅಭ್ಯಾಸವಿತ್ತು.) ಒಂದು ದೊಡ್ಡ ಕೆಪಾಸಿಟರ್ ಪೂರಿಯಂತೆ ಉಬ್ಬಿತ್ತು, ಸಣ್ಣವುಗಳ ತಲೆಯಿಂದ ಕಂದು ಅಂಟು ಸೋರಿತ್ತು. ಮದರ್‌ಬೋರ್ಡಿನಲ್ಲಿ ಪ್ರೊಸೆಸರ್ ಪಕ್ಕದ ಎಂಟರಲ್ಲಿ ಮೂರರ ತಲೆಯೂ ಉಬ್ಬಲು ಶುರುವಾಗಿತ್ತು. ಆಮೇಲೆ ತಿಳಿದ ಪ್ರಕಾರ ಆ ಕಾಲದಲ್ಲಿ ಇದು ನಮ್ಮೊಬ್ಬರ ಮನೆಯ ಕಥೆಯಾಗಿರಲಿಲ್ಲ. 2000ದ ಆಸುಪಾಸಿನಿಂದ ಏಳೆಂಟು ವರ್ಷ, ಒಳಗಿನ ದ್ರಾವಣ ಸರಿಯಿಲ್ಲದ ಕೆಪಾಸಿಟರುಗಳು ಜಗತ್ತಿನ ತುಂಬ ಕಂಪ್ಯೂಟರುಗಳಲ್ಲಿ ಹೀಗೆ ಉಬ್ಬಿ, ಸೋರಿ ಸತ್ತವು. ದೊಡ್ಡ ದೊಡ್ಡ ಕಂಪನಿಗಳ ಮಾಲಿನಲ್ಲೂ ಇತ್ತು.

ಮತ್ತೆ ಲ್ಯಾಮಿಂಗ್ಟನ್ ರೋಡು. ಈ ಸಲ ಎಸ್‌ಎಂಪಿಎಸ್ ಕೈಯಲ್ಲಿ ತೂಗಿ ನೋಡಿ, ಭಾರದ್ದನ್ನೇ ಆರಿಸಿ, ಹದಿನೆಂಟು ನೂರು ಕೊಟ್ಟು ತಂದೆ. ಮದರ್‌ಬೋರ್ಡಿನ ಕೆಪಾಸಿಟರುಗಳನ್ನು ನಾನೂ ಮಗನೂ ಒಂದು ಭಾನುವಾರ ಕೂತು ಬದಲಿಸಿದೆವು. ಅವನು ಬೋರ್ಡು ಹಿಡಿದ, ನಾನು ಬೆಸುಗೆ ಹಾಕಿದೆ. ಅದೇ ಕೆಲಸದಲ್ಲಿ ಇನ್ನೊಂದೂ ಪತ್ತೆಯಾಯಿತು. ಕ್ಯಾಬಿನೆಟ್ ಮುಟ್ಟಿದರೆ 'ಚುರ್' ಅನ್ನುತ್ತದೆ ಅಂತ ಅಪ್ಪ ಹೇಳುತ್ತಿದ್ದರು, ಬರಿಗಾಲಿನಲ್ಲಿ ಓಡಾಡುವವರು ಅವರೊಬ್ಬರೇ. ಸಾಕೆಟ್ಟಿನ ಮೂರನೇ ತೂತಿಗೆ ತಂತಿಯೇ ಇರಲಿಲ್ಲ! ಅರ್ಥಿಂಗ್ ಇಲ್ಲದಿದ್ದರೆ ಎಸ್‌ಎಂಪಿಎಸ್ ಒಳಗಿನ ಫಿಲ್ಟರಿನ ಮೂಲಕ ಕ್ಯಾಬಿನೆಟ್ಟಿಗೆ ನೂರಹದಿನೈದು ವೋಲ್ಟಿನಷ್ಟು ಬಂದು ಕೂರುತ್ತದೆ. ಅದರಲ್ಲಿ ಕರೆಂಟ್ ಕಡಿಮೆ, ಜುಮ್ ಅನ್ನಿಸಿ ಬಿಡುತ್ತದೆ. ಆದರೆ ಗೀಸರಿನಲ್ಲೋ ಫ್ರಿಜ್ಜಿನಲ್ಲೋ ತಂತಿ ತಗುಲಿದರೆ ಆಗ ತಡೆಯುವವರಿಲ್ಲ. ಎಲೆಕ್ಟ್ರಿಷಿಯನ್ ಕರೆಸಿ ಇಡೀ ಮನೆಗೆ ಅರ್ಥಿಂಗ್ ತಂತಿ ಎಳೆಸಿದೆ. ನಿಮ್ಮದೂ ಹಳೆಯ ಕಟ್ಟಡವಾದರೆ ಒಮ್ಮೆ ನೋಡಿಸಿಬಿಡಿ.

ಆ ಕಂಪ್ಯೂಟರ್ ಮುಂದೆ 2012ರವರೆಗೂ ನಡೆಯಿತು. ಅಪ್ಪ 2009ರಲ್ಲಿ ಹೋದರು. ಅವರು ಹೇಳಿದ್ದು ಎಲ್ಲ ಸೇರಿ ನಲವತ್ತೆರಡು ಪುಟ ಆಗಿದೆ. ಪ್ರಿಂಟ್ ತೆಗೆದು, ಸ್ಪೈರಲ್ ಹಾಕಿಸಿ ಅಣ್ಣ ತಮ್ಮಂದಿರಿಗೆಲ್ಲ ಕೊಟ್ಟಿದ್ದೇನೆ. ಹಳ್ಳ ದಾಟಿಸಿದ ಹುಡುಗನ ಹೆಸರಿನ ಜಾಗದಲ್ಲಿ ಮೂರು ಚುಕ್ಕಿ ಇದೆ. ಅಪ್ಪ ಕೊನೆಯವರೆಗೂ ಆಗಾಗ ಒಂದೊಂದು ಹೆಸರು ಹೇಳಿ ನೋಡುತ್ತಿದ್ದರು, "ಅದಲ್ಲ" ಅಂತ ತಾವೇ ತಲೆ ಆಡಿಸುತ್ತಿದ್ದರು.

ಮಗನಿಗೆ ಅವತ್ತು ಸೀಡಿಗಳನ್ನು ವಾಪಸ್ಸು ಕೊಟ್ಟೆ. "ಚಲೋ ಬರದಿಟ್ಟೀ" ಅಂದೆ. ತಪ್ಪಾಯ್ತು ಅಂತ ಹೇಳಲಿಲ್ಲ. ನೆಂಟರ ಮುಂದೆ ಬೈದಿದ್ದೆ, ಆ ನೆಂಟರ ಮುಂದೆ 'ಇವನ ತಪ್ಪಲ್ಲ' ಅಂತಲೂ ಹೇಳಲಿಲ್ಲ. ಕಾರ್ಖಾನೆಯಲ್ಲಿ ಹುಡುಗರಿಗೆ ಮೂವತ್ತು ವರ್ಷ ಹೇಳಿಕೊಟ್ಟ ಪಾಠ ಮನೆಗೆ ಬಂದರೆ ನೆನಪಾಗಲಿಲ್ಲ ನೋಡಿ.

ಭಾನುವಾರ ರಾತ್ರಿ ಮತ್ತೆ ನಾನೇ ಅವನಿಗೆ ಫೋನ್ ಮಾಡಿದೆ. ಕಂಪ್ಯೂಟರ್ ವಿಷಯ ಅಂದುಕೊಂಡ. "ಅದಲ್ಲೋ, 2006ರ ಗಣೇಶ ಚೌತಿದು..." ಅಂತ ಶುರುಮಾಡಿ, ಹೇಳಬೇಕಾದ್ದನ್ನು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. "ನನಗ ನೆನಪದ ಅಪ್ಪಾ" ಅಂದ. ಮರೆತಿದ್ದೀನಿ ಅನ್ನಬಹುದಿತ್ತು, ಅನ್ನಲಿಲ್ಲ. ಆಮೇಲೆ, "ಆ ನೋಟ್‌ಬುಕ್ ಅದನೇನು ಅಲ್ಲೆ?" ಅಂತ ಕೇಳಿದ.

ಇದೆ. ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ, ಅಪ್ಪನ ಕನ್ನಡಕದ ಜೊತೆ. ಮುಂದಿನ ತಿಂಗಳು ಅವನು ಬಂದಾಗ ಕೊಡಬೇಕು.